ಎಲ್ಲರೂ ದಾಟಿಹೋದ ನಾಡು

2023ರ ಡಿಸೆಂಬರ್ 21ರಂದು ಅರಬ್ ಸಂಯುಕ್ತ ಸಂಸ್ಥಾನದ ಫುಜೈರಾದಿಂದ ಹೊರಟ ಬಾಡಿಗೆ ವಿಮಾನವೊಂದು ಇಂಧನ ತುಂಬಿಸಿಕೊಳ್ಳಲೆಂದು ಫ್ರಾನ್ಸಿನ ವಾತ್ರಿ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿಯಿತು. ಒಳಗಿದ್ದವರು 303 ಮಂದಿ, ಬಹುಪಾಲು ಭಾರತೀಯರು. ಮಾನವ ಕಳ್ಳಸಾಗಣೆಯ ಸುಳಿವು ಸಿಕ್ಕಿದ್ದರಿಂದ ಫ್ರೆಂಚ್ ಪೊಲೀಸರು ವಿಮಾನವನ್ನು ತಡೆದು ನಿಲ್ಲಿಸಿದರು. ನಾಲ್ಕು ದಿನ ಆ ನಿಲ್ದಾಣದಲ್ಲೇ ಕಳೆಯಿತು. 26ರ ಬೆಳಗಿನ ಜಾವ 276 ಮಂದಿ ಮುಂಬೈಗೆ ಮರಳಿ ಬಂದಿಳಿದರು. ಆ ವಿಮಾನ ಹೋಗಬೇಕಿದ್ದದ್ದು ಮಧ್ಯ ಅಮೆರಿಕದ ನಿಕರಾಗುವಾ ದೇಶದ ರಾಜಧಾನಿ ಮನಾಗುವಾಕ್ಕೆ. ನಮ್ಮಲ್ಲಿ ಅನೇಕರು ಆ ದೇಶದ ಹೆಸರನ್ನು ಮೊದಲು ಕೇಳಿದ್ದೇ ಆಗ. ಕಳ್ಳದಾರಿಯಲ್ಲಿ ವಿದೇಶಕ್ಕೆ ಹೋಗುವವರ ಕಥೆಯುಳ್ಳ ‘ಡಂಕಿ’ ಸಿನಿಮಾ ಚಿತ್ರಮಂದಿರಗಳಿಗೆ ಬಂದದ್ದೂ ಅದೇ 21ರಂದು.

ಮನಾಗುವಾದಿಂದ ಹೊಂಡುರಾಸ್, ಗ್ವಾಟೆಮಾಲಾ, ಮೆಕ್ಸಿಕೊಗಳನ್ನು ದಾಟಿ ಅಮೆರಿಕದ ಗಡಿ ಮುಟ್ಟುವ ದಾರಿಗೆ ನಿಕರಾಗುವಾ ಒಂದು ಬಾಗಿಲಾಗಿತ್ತು. ಆ ದೇಶವನ್ನು ನೋಡಬೇಕೆಂದು ಹೊರಟವರು ಆ ವಿಮಾನದಲ್ಲಿ ಇದ್ದಿರಲಾರರು. ಸುದ್ದಿ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸಂಗತಿಯೇ. ಹೊರಗಿನವರು ಈ ದೇಶವನ್ನು ಕಾಣುತ್ತ ಬಂದಿರುವುದೇ ಹೀಗೆ: ಇನ್ನೆಲ್ಲಿಗೋ ಹೋಗುವಾಗ ನಡುವೆ ಸಿಗುವ ದಾರಿಯಾಗಿ. ಬಂದವರೆಲ್ಲ ದಾಟಿಹೋದರು. ಇಳಿದು ನೋಡಿದವರು ಕಡಿಮೆ. ಅಂಥ ನಾಡನ್ನು ನೋಡಲು ಬೆನ್ನಿಗೊಂದು ಚೀಲ ಏರಿಸಿಕೊಂಡು, ಊರಿನವರು ಹತ್ತುವ ಬಸ್ಸನ್ನೇ ಹತ್ತಿ, ಅವರು ಉಣ್ಣುವುದನ್ನೇ ಉಂಡು ತಿರುಗುವ ಬ್ಯಾಕ್‌ಪ್ಯಾಕ್ ಪಯಣಕ್ಕಿಂತ ಒಳ್ಳೆಯ ಉಪಾಯ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ನಕಾಶೆಯಲ್ಲಿ ನೋಡಿದರೆ ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳನ್ನು ಜೋಡಿಸುವ ಕಿರಿದಾದ ನೆಲಪಟ್ಟಿಯ ನಡುಮಧ್ಯದಲ್ಲಿದೆ ನಿಕರಾಗುವಾ. ಮೇಲೆ ಹೊಂಡುರಾಸ್, ಕೆಳಗೆ ಕೋಸ್ಟರಿಕಾ, ಎಡಕ್ಕೆ ಪೆಸಿಫಿಕ್ ಸಾಗರ, ಬಲಕ್ಕೆ ಕೆರಿಬಿಯನ್ ಸಮುದ್ರ. ವಿಸ್ತೀರ್ಣ ಸುಮಾರು 1,30,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಎರಡು ಪಾಲು. ಮಧ್ಯ ಅಮೆರಿಕದ ದೇಶಗಳಲ್ಲಿ ಇದೇ ದೊಡ್ಡದು. ಜನ ಮಾತ್ರ ಎಪ್ಪತ್ತು ಲಕ್ಷದ ಆಸುಪಾಸು. ಬೆಂಗಳೂರೊಂದರಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ.

ದಾಟಿಹೋದವರ ಕಥೆ ಶುರುವಾಗುವುದು ನೀರಿನಿಂದ. ದೇಶದ ತಗ್ಗಿನಲ್ಲಿ ಕೊಸಿಬೋಲ್ಕಾ ಎಂಬ ಸರೋವರವಿದೆ. ಎಂಟು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಹರಡಿಕೊಂಡ ಸಿಹಿನೀರು ಅದು. ಅದರಿಂದ ಹೊರಡುವ ಸಾನ್ ಹುವಾನ್ ನದಿ ಪೂರ್ವಕ್ಕೆ ಹರಿದು ಕೆರಿಬಿಯನ್ ಸೇರುತ್ತದೆ. ಸರೋವರದ ಪಶ್ಚಿಮ ದಡದಿಂದ ಪೆಸಿಫಿಕ್‌ಗೆ ಉಳಿಯುವುದು ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ನೆಲ ಮಾತ್ರ. ಅಂದರೆ ಒಂದು ಸಾಗರದಿಂದ ಇನ್ನೊಂದಕ್ಕೆ ಹೋಗಲು ಪ್ರಕೃತಿಯೇ ಮುಕ್ಕಾಲು ದಾರಿ ಮಾಡಿಕೊಟ್ಟಿದೆ. ಕಡಲ್ಗಳ್ಳ ಹೆನ್ರಿ ಮಾರ್ಗನ್ 1665ರಲ್ಲಿ ಈ ನದಿಯಲ್ಲೇ ಮೇಲೇರಿ ಬಂದು ಗ್ರನಾಡಾ ಪಟ್ಟಣವನ್ನು ದೋಚಿದ. 1780ರಲ್ಲಿ ಇನ್ನೂ ಎಳೆಯ ವಯಸ್ಸಿನ ನೌಕಾಧಿಕಾರಿ ಹೊರೇಶಿಯೋ ನೆಲ್ಸನ್ ಇಲ್ಲಿಗೆ ಬಂದ. ಬ್ರಿಟಿಷರ ಆ ದಂಡಯಾತ್ರೆಯಲ್ಲಿ ಗುಂಡಿಗಿಂತ ಜ್ವರಕ್ಕೆ ಬಲಿಯಾದವರೇ ಹೆಚ್ಚು. ನೆಲ್ಸನ್ ಕೂಡ ಕಾಯಿಲೆ ಬಿದ್ದು ವಾಪಸಾದ.

ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ನ್ಯೂಯಾರ್ಕ್ ಕಡೆಯ ಜನ ಚಿನ್ನದ ನೆಲ ಸೇರಬೇಕಿದ್ದರೆ ಇಡೀ ಖಂಡವನ್ನು ನೆಲದ ಮೇಲೆ ದಾಟಬೇಕು, ಇಲ್ಲವೇ ದಕ್ಷಿಣ ಅಮೆರಿಕವನ್ನು ಹಡಗಿನಲ್ಲಿ ಸುತ್ತಬೇಕು, ಅದೂ ಇಲ್ಲವಾದರೆ ಪನಾಮಾವನ್ನು ಹಾದುಹೋಗಬೇಕಿತ್ತು. ಕಾರ್ನೀಲಿಯಸ್ ವಾಂಡರ್‌ಬಿಲ್ಟ್ ಎಂಬ ಉದ್ಯಮಿ 1851ರಲ್ಲಿ ನಿಕರಾಗುವಾದ ಮೂಲಕ ಒಳದಾರಿ ತೆರೆದ. ನದಿಯಲ್ಲಿ ಉಗಿದೋಣಿ, ಸರೋವರದಲ್ಲಿ ಮತ್ತೊಂದು ಉಗಿದೋಣಿ, ಕೊನೆಯ ತುಂಡಿಗೆ ಕುದುರೆಗಾಡಿ. ಸಾವಿರಾರು ಮಂದಿ ಹೀಗೆ ಹಾದುಹೋದರು. 1866ರ ಕೊನೆಯಲ್ಲಿ ಸಾಹಿತಿ ಮಾರ್ಕ್ ಟ್ವೈನ್ ಸಹ ಇದೇ ದಾರಿಯಲ್ಲಿ ಬಂದು, ಸರೋವರದ ನಡುವೆ ಎದ್ದು ನಿಂತ ಜೋಡಿ ಜ್ವಾಲಾಮುಖಿಗಳನ್ನು ದೋಣಿಯಿಂದಲೇ ಕಣ್ತುಂಬ ನೋಡಿ ಬರೆದ. ಅವನೂ ಅಲ್ಲಿ ಉಳಿಯಲಿಲ್ಲ.

ಎರಡು ಸಾಗರಗಳನ್ನು ಜೋಡಿಸುವ ಕಾಲುವೆಗೂ ಮೊದಲು ಹೆಸರು ಕೇಳಿಬಂದದ್ದು ನಿಕರಾಗುವಾದ್ದೇ. ಅದು ಕೈತಪ್ಪಿದ್ದರ ಹಿಂದೆ ಒಂದು ಅಂಚೆಚೀಟಿಯ ಕೈವಾಡವಿದೆ. ಪನಾಮಾ ಪರವಾಗಿ ವಕಾಲತ್ತು ಮಾಡುತ್ತಿದ್ದ ಫ್ರೆಂಚ್ ಎಂಜಿನಿಯರ್ ಫಿಲಿಪ್ ಬುನೊ–ವಾರಿಯಾ 1902ರಲ್ಲಿ ಅಮೆರಿಕದ ಸೆನೆಟರುಗಳಿಗೆ ಒಂದೊಂದು ನಿಕರಾಗುವಾ ಅಂಚೆಚೀಟಿ ಕಳಿಸಿದ. ಅದರಲ್ಲಿದ್ದದ್ದು ಹೊಗೆಯುಗುಳುವ ಮೊಮೊಟೊಂಬೊ ಜ್ವಾಲಾಮುಖಿಯ ಚಿತ್ರ. ಕೆಲವೇ ವಾರಗಳ ಹಿಂದೆ ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿದು ಒಂದು ಪಟ್ಟಣವೇ ಸುಟ್ಟುಹೋಗಿತ್ತು. ಸೆನೆಟ್ ಪನಾಮಾಕ್ಕೆ ಮತ ಹಾಕಿತು. ನೂರು ವರ್ಷ ಕಳೆದ ಮೇಲೆ, 2013ರಲ್ಲಿ, ನಿಕರಾಗುವಾ ಸರ್ಕಾರ ಚೀನಾದ ಉದ್ಯಮಿಯೊಬ್ಬರಿಗೆ ಕಾಲುವೆ ತೋಡುವ ಹಕ್ಕು ಬರೆದುಕೊಟ್ಟಿತು. ನೆಲ ಹೋಗುತ್ತದೆಂದು ರೈತರು ಬೀದಿಗಿಳಿದರು. ಕಾಲುವೆ ಆಗಲಿಲ್ಲ. 2024ರಲ್ಲಿ ಆ ಒಪ್ಪಂದವೂ ರದ್ದಾಯಿತು.

ಈಗಿನ ಪ್ರವಾಸಿಗರದ್ದೂ ಹೆಚ್ಚುಕಡಿಮೆ ಇದೇ ಕಥೆ. ಮೆಕ್ಸಿಕೊದಿಂದ ಪನಾಮಾವರೆಗೆ ಇಳಿಯುವ ಯುವಜನರ ದಂಡು ಗ್ವಾಟೆಮಾಲಾದಲ್ಲಿ ವಾರಗಟ್ಟಲೆ ಉಳಿಯುತ್ತದೆ, ಕೋಸ್ಟರಿಕಾದ ಕಾಡು ನೋಡಲು ಕೈತುಂಬ ಖರ್ಚು ಮಾಡುತ್ತದೆ, ನಡುವಿನ ನಿಕರಾಗುವಾವನ್ನು ದೂರದ ಬಸ್ಸಿನಲ್ಲಿ ಕೂತು ಕಳೆದುಬಿಡುತ್ತದೆ. ಕೋಸ್ಟರಿಕಾದಲ್ಲಿ ಒಂದು ದಿನಕ್ಕೆ ಆಗುವ ಖರ್ಚಿನಲ್ಲಿ ಇಲ್ಲಿ ಎರಡು ದಿನವಾದರೂ ಆರಾಮವಾಗಿ ಕಳೆಯಬಹುದು. ಹಾಸ್ಟೆಲಿನ ಡಾರ್ಮಿಟರಿಯಲ್ಲಿ ಮಲಗಲು ಹತ್ತು ಹದಿನೈದು ಡಾಲರ್ ಸಾಕು, ಊರಿಂದೂರಿಗೆ ಬಸ್ಸಿಗೆ ಒಂದೆರಡು ಡಾಲರ್. ಆದರೆ ಅಗ್ಗ ಎಂಬ ಕಾರಣಕ್ಕೆ ಈ ದೇಶಕ್ಕೆ ಹೋಗಿ ಎಂದು ನಾನು ಹೇಳುವುದಿಲ್ಲ. ಅಲ್ಲಿನ ಅಗ್ಗದ ಹಿಂದೆ ಅಲ್ಲಿಯವರ ಬಡತನವಿದೆ.

ಮನಾಗುವಾದಲ್ಲಿ ಇಳಿದವರಿಗೆ ಮೊದಲ ಪಾಠ ವಿಳಾಸದ್ದು. 1972ರ ಡಿಸೆಂಬರ್ 23ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಭೂಕಂಪವಾಗಿ ನಗರದ ನಡುಭಾಗ ನೆಲಸಮವಾಯಿತು. ಸಾವಿರಾರು ಮಂದಿ ಸತ್ತರು. ಹಳೆಯ ಕೆಥೆಡ್ರಲ್ ಬಿರುಕುಬಿಟ್ಟ ಗೋಡೆಗಳೊಂದಿಗೆ ಇವತ್ತಿಗೂ ನಿಂತಿದೆ. ಅದರ ಗಡಿಯಾರ ಆ ರಾತ್ರಿಯೇ ನಿಂತಿತು. ಹೊರದೇಶಗಳಿಂದ ಬಂದ ಪರಿಹಾರದ ಸಾಮಗ್ರಿಯನ್ನು ಆಗ ಆಳುತ್ತಿದ್ದ ಸೊಮೋಸಾ ಕುಟುಂಬ ಮತ್ತು ಅದರ ಹಿಂಬಾಲಕರು ನುಂಗಿದರು. ನಗರದ ಹೃದಯ ಮೊದಲಿನಂತೆ ಮತ್ತೆ ಕಟ್ಟಿಕೊಳ್ಳಲೇ ಇಲ್ಲ. ಬೀದಿಗಳಿಗೆ ಹೆಸರು, ಮನೆಗಳಿಗೆ ನಂಬರು ಇಲ್ಲದ ಆ ಊರಿನಲ್ಲಿ ಜನ ಗುರುತುಗಳನ್ನು ಹಿಡಿದು ದಾರಿ ಹೇಳುತ್ತಾರೆ. ಹಾಗೆ ಹೇಳುವುದು ನಮಗೂ ಹೊಸತಲ್ಲ. ಅಲ್ಲಿನ ವಿಶೇಷವೆಂದರೆ ಅಂಥ ಎಷ್ಟೋ ಗುರುತುಗಳು ಈಗ ಇಲ್ಲ. ‘ದೊಂದೆ ಫುವೇ’, ಅಂದರೆ ‘ಇದ್ದ ಜಾಗದಿಂದ’ ಎಂದು ವಿಳಾಸ ಶುರುವಾಗುತ್ತದೆ: ಪುಟ್ಟ ಮರ ಇದ್ದ ಜಾಗದಿಂದ ಸರೋವರದ ಕಡೆಗೆ ಎರಡು ಬೀದಿ, ಅಲ್ಲಿಂದ ಮೇಲಕ್ಕೆ ಒಂದು. ‘ಸರೋವರದ ಕಡೆಗೆ’ ಅಂದರೆ ಉತ್ತರ; ಈ ಸರೋವರ ಕೊಸಿಬೋಲ್ಕಾ ಅಲ್ಲ, ಮನಾಗುವಾದ ಪಕ್ಕದ ಇನ್ನೊಂದು. ‘ಮೇಲಕ್ಕೆ’ ಅಂದರೆ ಸೂರ್ಯ ಏಳುವ ದಿಕ್ಕು, ಪೂರ್ವ. ‘ಕೆಳಕ್ಕೆ’ ಅಂದರೆ ಪಶ್ಚಿಮ. ಸಣ್ಣ ಅಂತರಕ್ಕೆ ಮೀಟರನ್ನೂ ಕೇಳುವುದಿಲ್ಲ. ಸ್ಪೇನಿನವರ ಕಾಲದ ‘ವಾರಾ’ ಎಂಬ ಅಳತೆ ಇನ್ನೂ ಬಳಕೆಯಲ್ಲಿದೆ, ಒಂದು ಮೀಟರಿಗೆ ಸ್ವಲ್ಪ ಕಡಿಮೆ. ಪತ್ರ, ಕರೆಯೋಲೆಗಳ ಮೇಲೂ ಇದೇ ವಿಳಾಸ. ಇಲ್ಲವಾದದ್ದನ್ನು ನೆನಪಿನಲ್ಲಿಟ್ಟುಕೊಂಡೇ ಇಡೀ ನಗರ ಓಡಾಡುತ್ತದೆ. ಮೊಬೈಲಿನ ನಕಾಶೆಯನ್ನು ಮಡಿಚಿಟ್ಟು ಎದುರಾದವರನ್ನು ಕೇಳುವುದೇ ಅಲ್ಲಿ ಸರಿಯಾದ ದಾರಿ. ಕೇಳಿದರೆ ನಿಂತು ಹೇಳುತ್ತಾರೆ. ಎಷ್ಟೋ ಸಲ ಜೊತೆಗೇ ಬಂದು ತೋರಿಸುತ್ತಾರೆ.

ಓಡಾಟಕ್ಕೆ ಇರುವುದು ಅಮೆರಿಕದ ಶಾಲೆಗಳು ಬಳಸಿ ಮಾರಿದ ಹಳೆಯ ಹಳದಿ ಬಸ್ಸುಗಳು. ಒಳಗಿನ ಸೀಟುಗಳು ಮಕ್ಕಳ ಅಳತೆಯವು, ಕಾಲು ಚಾಚಲಾಗದು. ಹೊರಮೈಗೆ ಹೊಸ ಬಣ್ಣ, ಮುಂದಿನ ಗಾಜಿನ ಮೇಲೆ ಏಸುವಿನ ಹೆಸರು. ಬಾಗಿಲಲ್ಲಿ ನಿಂತ ಹುಡುಗ ಊರಿನ ಹೆಸರನ್ನು ಒಂದೇ ಉಸಿರಿಗೆ ಮೂರು ಸಲ ಕೂಗುತ್ತಾನೆ. ನಿಮ್ಮ ಚೀಲವನ್ನು ಕಸಿದಂತೆ ತೆಗೆದುಕೊಂಡು ಬಸ್ಸಿನ ಮೇಲೆ ಎಸೆಯುತ್ತಾನೆ. ಗಾಬರಿ ಬೇಡ, ಇಳಿಯುವಾಗ ಅವನೇ ಇಳಿಸಿಕೊಡುತ್ತಾನೆ. ಹಣ, ಪಾಸ್‌ಪೋರ್ಟು ಮಾತ್ರ ಮೈಮೇಲೇ ಇರಲಿ. ದಾರಿಯುದ್ದಕ್ಕೂ ಹೆಂಗಸರು ಬುಟ್ಟಿ ಹೊತ್ತು ಹತ್ತಿ, ನುಸುಳಿಕೊಂಡು ಸಾಗುತ್ತ, ಕತ್ತರಿಸಿದ ಮಾವಿನಕಾಯಿಗೆ ಉಪ್ಪು ಹಚ್ಚಿ, ಬಾಳೆಕಾಯಿ ಚಿಪ್ಸನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ತಂಪು ಪಾನೀಯವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕಿ ಕೊಡುತ್ತಾರೆ. ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹೀರಬೇಕು.

ಗ್ರನಾಡಾ ಪಟ್ಟಣವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಿಕೆಗೆ ತಕ್ಕಂತೆಯೇ ಇದೆ. 1524ರಲ್ಲಿ ಫ್ರಾನ್ಸಿಸ್ಕೊ ಎರ್ನಾಂದೆಸ್ ದೆ ಕೊರ್ದೋಬಾ ಕಟ್ಟಿದ ಊರು. ದೇಶದ ಹಣಕ್ಕೆ ‘ಕೊರ್ದೋಬಾ’ ಎಂಬ ಹೆಸರು ಬಂದದ್ದು ಅವನಿಂದಲೇ. ಹಳದಿ, ಕೆಂಪು, ನೀಲಿ ಗೋಡೆಗಳು, ಹಂಚಿನ ಮಾಡುಗಳು, ಮನೆಯ ನಡುವೆ ತೆರೆದ ಅಂಗಳ. ಇಷ್ಟು ಹಳೆಯ ಊರಿನ ಎಷ್ಟೋ ಕಟ್ಟಡಗಳು ಅಷ್ಟು ಹಳೆಯವಲ್ಲ ಎಂಬುದಕ್ಕೆ ಕಾರಣನಾದವನು ವಿಲಿಯಂ ವಾಕರ್ ಎಂಬ ಅಮೆರಿಕನ್. ಇಲ್ಲಿನ ಒಳಜಗಳದಲ್ಲಿ ಒಂದು ಪಕ್ಷದ ಪರವಾಗಿ ಕಾದಾಡಲೆಂದು 1855ರಲ್ಲಿ ಅರವತ್ತಕ್ಕೂ ಕಡಿಮೆ ಮಂದಿಯ ಪಡೆಯೊಂದಿಗೆ ಬಂದ ಆತ, ಮರುವರ್ಷ ತಾನೇ ಅಧ್ಯಕ್ಷನೆಂದು ಘೋಷಿಸಿಕೊಂಡ. ರದ್ದಾಗಿದ್ದ ಗುಲಾಮಗಿರಿಯನ್ನು ಮತ್ತೆ ತಂದ. ನೆರೆಯ ದೇಶಗಳೆಲ್ಲ ಒಗ್ಗೂಡಿ ಮೇಲೆ ಬಿದ್ದಾಗ ಅವನ ಸೇನೆ ಗ್ರನಾಡಾಕ್ಕೆ ಬೆಂಕಿಯಿಟ್ಟು, ‘ಇಲ್ಲಿ ಗ್ರನಾಡಾ ಇತ್ತು’ ಎಂದು ಬರೆದು ನಿಲ್ಲಿಸಿ ಹೊರಟುಹೋಯಿತು. ಅದೇ 1856ರ ಸೆಪ್ಟೆಂಬರ್ 14ರಂದು ಸಾನ್ ಹಸಿಂತೊ ಎಂಬಲ್ಲಿ ನಡೆದ ಕಾಳಗದಲ್ಲಿ ಆಂದ್ರೆಸ್ ಕಾಸ್ತ್ರೊ ಎಂಬ ಸಾಮಾನ್ಯ ಸೈನಿಕ, ಬಂದೂಕು ಕೈಕೊಟ್ಟಾಗ ಕಲ್ಲು ಬೀಸಿ ವಾಕರನ ಕಡೆಯವನೊಬ್ಬನನ್ನು ಕೆಡವಿದ. ಆ ದಿನ ಇವತ್ತಿಗೂ ರಾಷ್ಟ್ರೀಯ ರಜೆ. ದಾಟಿಹೋಗದೆ ನಿಂತ ಹೊರಗಿನವನೊಬ್ಬ ದೇಶವನ್ನೇ ಕಬಳಿಸಲು ನೋಡಿದ ನೆನಪು ಅಲ್ಲಿನ ಶಾಲಾಮಕ್ಕಳಿಗೂ ಇದೆ.

ಗ್ರನಾಡಾದ ಚೌಕದಲ್ಲಿ ‘ವಿಗೊರೋನ್’ ಸಿಗುತ್ತದೆ: ಬಾಳೆಎಲೆಯ ಮೇಲೆ ಬೇಯಿಸಿದ ಮರಗೆಣಸು, ಹುಳಿ ಹಿಂಡಿದ ಎಲೆಕೋಸು, ಅದರ ಮೇಲೆ ಗರಿಗರಿಯಾಗಿ ಕರಿದ ಹಂದಿಯ ಚರ್ಮ. ಮಾಂಸ ತಿನ್ನದವರಿಗೂ ಈ ದೇಶದಲ್ಲಿ ಹಸಿವೆಯ ಭಯವಿಲ್ಲ. ‘ಗಾಯೊ ಪಿಂತೊ’ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲ ಹೊತ್ತಿನದು. ಕೆಂಪು ಬೀನ್ಸಿನ ಕಾಳು ಬೇಯಿಸಿ, ಅನ್ನದೊಂದಿಗೆ ಈರುಳ್ಳಿ ಒಗ್ಗರಣೆಯಲ್ಲಿ ಕಲಸಿದ್ದು. ಪಕ್ಕದಲ್ಲಿ ಕರಿದ ಮಾಗಿದ ಬಾಳೆ, ಒಂದು ತುಂಡು ಗಿಣ್ಣಿನಂಥ ಉಪ್ಪು ಚೀಸ್. ಕೆಲವೆಡೆ ಕಾಳಿಗೆ ಹಂದಿಯ ಕೊಬ್ಬು ಹಾಕುತ್ತಾರೆ, ಕೇಳಿ ತಿಳಿದುಕೊಳ್ಳಬೇಕು. ‘ಮಾಂಸ ಬೇಡ’ ಎಂದರೆ ಕೋಳಿ ತಂದಿಡುವುದೂ ಉಂಟು, ಅವರ ಮಾತಿನಲ್ಲಿ ‘ಕಾರ್ನೆ’ ಅಂದರೆ ಸಾಮಾನ್ಯವಾಗಿ ದನದ ಮಾಂಸ. ಕೋಳಿ, ಹಂದಿ, ಮೀನು ಎಂದು ಒಂದೊಂದನ್ನೂ ಬಿಡಿಸಿ ಹೇಳಿ. ವಾರದ ಕೊನೆಯಲ್ಲಿ ‘ನಕತಮಾಲ್’ ಬರುತ್ತದೆ, ಮೆಕ್ಕೆಜೋಳದ ಹಿಟ್ಟಿನ ನಡುವೆ ಮಾಂಸ ತರಕಾರಿ ಇಟ್ಟು ಬಾಳೆಎಲೆಯಲ್ಲಿ ಕಟ್ಟಿ ಗಂಟೆಗಟ್ಟಲೆ ಬೇಯಿಸಿದ ದೊಡ್ಡ ಕಡುಬು. ‘ಪಿನೋಲ್’ ಎಂಬುದು ಹುರಿದ ಮೆಕ್ಕೆಜೋಳದ ಹುರಿಹಿಟ್ಟು. ಅದಕ್ಕೆ ಕೋಕೋ ಬೀಜ ಸೇರಿಸಿ ಬೀಸಿ ನೀರಿನಲ್ಲಿ ಕದಡಿದರೆ ‘ಪಿನೊಲಿಯೊ’. ಬುರುಡೆಯ ಬಟ್ಟಲಲ್ಲಿ ಕುಡಿಯುವಾಗ ನಾಲಿಗೆಗೆ ತರಿತರಿಯಾಗಿ ಸಿಗುತ್ತದೆ. ತಮ್ಮನ್ನು ತಾವು ‘ಪಿನೊಲೇರೊ’ಗಳು, ಹುರಿಹಿಟ್ಟಿನವರು ಎಂದು ಹೆಮ್ಮೆಯಿಂದ ಕರೆದುಕೊಳ್ಳುವ ಜನ ಇವರು.

ಗ್ರನಾಡಾದಿಂದ ದಕ್ಷಿಣಕ್ಕೆ ರೀವಾಸ್ ಪಟ್ಟಣ, ಅದರ ಪಕ್ಕದ ಸಾನ್ ಹೊರ್ಹೆ ಕಟ್ಟೆಯಿಂದ ಒಂದು ಗಂಟೆ ಲಾಂಚ್‌ನಲ್ಲಿ ಹೋದರೆ ಒಮೆಟೆಪೆ. ಇಡೀ ದೇಶದಲ್ಲಿ ಒಂದೇ ಜಾಗ ನೋಡಲು ಸಮಯವಿದೆ ಎಂದರೆ ನಾನು ಇದನ್ನೇ ಹೇಳುತ್ತೇನೆ. ನಹುವಾ ಭಾಷೆಯಲ್ಲಿ ‘ಒಮೆ’ ಅಂದರೆ ಎರಡು, ‘ತೆಪೆತ್ಲ್’ ಅಂದರೆ ಬೆಟ್ಟ. ಸರೋವರದ ನಡುವೆ ಎರಡು ಜ್ವಾಲಾಮುಖಿಗಳು ಹುಟ್ಟಿ, ಉಗುಳಿದ ಲಾವಾ ಮತ್ತು ಬೂದಿಯಿಂದ ನಡುವಿನ ನೀರನ್ನು ತುಂಬಿಸಿ ಕೈಹಿಡಿದು ನಿಂತಿವೆ. ಒಂದು 1,610 ಮೀಟರಿನ ಕನ್ಸೆಪ್ಸಿಯೋನ್, ಶಂಕುವಿನಷ್ಟು ಕರಾರುವಾಕ್ಕಾದ ಆಕಾರ, ಇನ್ನೂ ಜೀವಂತ. ಇನ್ನೊಂದು 1,394 ಮೀಟರಿನ ಮಡೇರಾಸ್, ತಣ್ಣಗಾಗಿ ಎಷ್ಟೋ ಕಾಲವಾಗಿದೆ. ನೆತ್ತಿಯ ಕುಳಿಯಲ್ಲಿ ಪುಟ್ಟ ಕೊಳ, ಸುತ್ತಲೂ ಮಂಜು ಸುರಿಸುವ ದಟ್ಟ ಕಾಡು. ಯಾವುದನ್ನು ಹತ್ತಿದರೂ ಬೆಳಗಿನ ಜಾವ ಹೊರಟು ಸಂಜೆಗೆ ಮರಳುವ ದಿನ. ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಹತ್ತಬಾರದು. ಮಂಜಿನಲ್ಲಿ ದಾರಿ ತಪ್ಪಿ ಜೀವ ಕಳೆದುಕೊಂಡವರಿದ್ದಾರೆ.

ಹತ್ತಲಾಗದವರು ಬೇಸರಪಡಬೇಕಿಲ್ಲ. ಬೂದಿಮಣ್ಣಿನ ತೋಟಗಳಲ್ಲಿ ಬಾಳೆ, ನೆರಳಿನಲ್ಲಿ ಕಾಫಿ, ಮೇವಿಗೆ ಬಿಟ್ಟ ದನ, ಕುದುರೆಯೇರಿ ಹೊಲಕ್ಕೆ ಹೋಗುವ ರೈತರು. ಸ್ಪೇನಿನವರು ಬರುವ ಮೊದಲೇ ಇದ್ದ ಜನ ಕರಿಗಲ್ಲಿನ ಬಂಡೆಗಳ ಮೇಲೆ ಸುರುಳಿಗಳನ್ನೂ ಮುಖಗಳನ್ನೂ ಕೊರೆದಿಟ್ಟಿದ್ದಾರೆ. ಅವು ಗಾಜಿನ ಪೆಟ್ಟಿಗೆಯೊಳಗಿಲ್ಲ, ತೋಟಗಳ ನಡುವೆ ಮಳೆಬಿಸಿಲಿಗೆ ಬಿದ್ದಿವೆ. ಮಡೇರಾಸ್ ತಪ್ಪಲಿನಲ್ಲಿ ಫಿಂಕಾ ಮಗ್ದಲೇನಾ ಎಂಬ ಕಾಫಿ ತೋಟವಿದೆ, 1979ರ ಕ್ರಾಂತಿಯ ನಂತರ ಕುಟುಂಬಗಳ ಸಹಕಾರ ಸಂಘದ ಕೈಗೆ ಬಂದದ್ದು. ಹಳೆಯ ಮರದ ಬಂಗಲೆಯಲ್ಲೇ ಪ್ರಯಾಣಿಕರಿಗೆ ಮಲಗಲು ಜಾಗ ಕೊಡುತ್ತ ಬಂದಿದ್ದಾರೆ. ದ್ವೀಪ 2010ರಿಂದ ಯುನೆಸ್ಕೊದ ಜೀವಗೋಳ ಮೀಸಲು ಪ್ರದೇಶ. ಕನಿಷ್ಠ ಮೂರು ರಾತ್ರಿ ಇಲ್ಲಿಗೆ ಎತ್ತಿಡಿ. ಬೇಸಿಗೆಯ ಗಾಳಿಗೆ ಸರೋವರದಲ್ಲಿ ಸಮುದ್ರದಂಥ ಅಲೆಗಳು ಏಳುತ್ತವೆ, ಲಾಂಚ್ ನಿಲ್ಲುವುದೂ ಉಂಟು. ಮರುದಿನದ ವಿಮಾನ ಹಿಡಿಯುವ ಆತುರದಲ್ಲಿ ಇಲ್ಲಿಗೆ ಬರುವುದು ತಪ್ಪು.

ಈ ಸರೋವರದಲ್ಲಿ ಶಾರ್ಕ್ ಇದೆ. ಸಿಹಿನೀರಿನಲ್ಲಿ ಹುಟ್ಟಿ ಬೆಳೆದ ಬೇರೆಯೇ ಜಾತಿಯದೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1960ರ ದಶಕದಲ್ಲಿ ಥಾಮಸ್ ಥಾರ್ಸನ್ ಎಂಬ ಪ್ರಾಣಿಶಾಸ್ತ್ರಜ್ಞ ಮೀನುಗಳಿಗೆ ಗುರುತಿನ ಬಿಲ್ಲೆ ಸಿಕ್ಕಿಸಿ ಬಿಟ್ಟು ನೋಡಿದಾಗ ನಿಜ ತಿಳಿಯಿತು. ಕೆರಿಬಿಯನ್ನಿನ ಬುಲ್ ಶಾರ್ಕ್‌ಗಳೇ ನದಿಯ ಸೆಳವುಗಳನ್ನು ಹತ್ತಿ ಸರೋವರಕ್ಕೆ ಬಂದು, ಮತ್ತೆ ಸಮುದ್ರಕ್ಕೆ ಇಳಿಯುತ್ತಿದ್ದವು. ರೆಕ್ಕೆಯ ಆಸೆಗೆ ಮಿತಿಯಿಲ್ಲದೆ ಹಿಡಿದದ್ದರಿಂದ ಈಗ ಅವು ಕಣ್ಣಿಗೆ ಬೀಳುವುದೇ ಅಪರೂಪ.

ಲಿಯೋನ್ ಇನ್ನೊಂದು ಮನೋಧರ್ಮದ ಊರು. ಸೆಖೆ, ವಿದ್ಯಾರ್ಥಿಗಳು, ಗೋಡೆಗಳ ಮೇಲೆ ಕ್ರಾಂತಿಯ ಚಿತ್ರಗಳು. ಯುನೆಸ್ಕೊ ಪಟ್ಟಿ ಸೇರಿದ ಅಲ್ಲಿನ ಕೆಥೆಡ್ರಲ್‌ನ ಸುಣ್ಣಬಳಿದ ಮಾಡಿನ ಮೇಲೆ ಬರಿಗಾಲಲ್ಲಿ ನಡೆಯಲು ಬಿಡುತ್ತಾರೆ. ದಿಗಂತದುದ್ದಕ್ಕೂ ಜ್ವಾಲಾಮುಖಿಗಳ ಸಾಲು. ಕೆಳಗೆ, ಸಿಂಹದ ಪ್ರತಿಮೆಯೊಂದು ದುಃಖದಿಂದ ತಲೆಬಾಗಿ ಕಾಯುವ ಸಮಾಧಿ ಕವಿ ರೂಬೆನ್ ದಾರಿಯೋನದು. ಮೆಟಾಪಾ ಎಂಬ ಹಳ್ಳಿಯಲ್ಲಿ 1867ರಲ್ಲಿ ಹುಟ್ಟಿ, ಲಿಯೋನಿನಲ್ಲಿ ಬೆಳೆದು, 1888ರಲ್ಲಿ ‘ಅಸೂಲ್’ ಎಂಬ ಸಣ್ಣ ಪುಸ್ತಕ ಪ್ರಕಟಿಸಿ, ಇಡೀ ಸ್ಪ್ಯಾನಿಷ್ ಕಾವ್ಯದ ನಡಿಗೆಯನ್ನೇ ಬದಲಿಸಿದವನು. ಒಂದು ಕಾಲದ ವಸಾಹತಿನಿಂದ ಹೊಸ ಛಂದಸ್ಸು ಹೊರಟು ಸ್ಪೇನನ್ನು ತಲುಪಿತು. ಅವನ ಹಳ್ಳಿಗೆ ಈಗ ಅವನದೇ ಹೆಸರು. ಇದೇ ಲಿಯೋನಿನಲ್ಲಿ 1956ರ ಸೆಪ್ಟೆಂಬರ್ 21ರ ರಾತ್ರಿ ಔತಣಕೂಟವೊಂದರಲ್ಲಿ ರಿಗೊಬೆರ್ತೊ ಲೋಪೆಸ್ ಪೆರೆಸ್ ಎಂಬ ಯುವಕ ಸರ್ವಾಧಿಕಾರಿ ಅನಸ್ತಾಸಿಯೊ ಸೊಮೋಸಾನಿಗೆ ಗುಂಡಿಟ್ಟ. ಸ್ಥಳದಲ್ಲೇ ಕೊಲೆಯಾದ ಆ ಯುವಕನೂ ಕವಿಯೇ.

ಲಿಯೋನಿನ ಹತ್ತಿರದ ಸೆರೊ ನೆಗ್ರೊ ಬೆಟ್ಟದಿಂದ ಹಲಗೆಯ ಮೇಲೆ ಕೂತು ಕರಿಬೂದಿಯ ಇಳಿಜಾರಿನಲ್ಲಿ ಜಾರುವುದು ಯುವ ಪ್ರಯಾಣಿಕರ ದೊಡ್ಡ ಆಕರ್ಷಣೆ. 1850ರಲ್ಲಿ ಹುಟ್ಟಿದ ಜ್ವಾಲಾಮುಖಿ ಅದು, ಬೆಟ್ಟಗಳ ಲೆಕ್ಕದಲ್ಲಿ ಹಸುಗೂಸು. ಜಾರಿದರೆ ಸಂತೋಷ. ಅದೊಂದಕ್ಕೇ ಲಿಯೋನಿಗೆ ಬಂದು ಹೋಗುವವರಿಗೆ ಊರು ತಪ್ಪಿಹೋಗುತ್ತದೆ.

ಉತ್ತರದ ಮತಗಾಲ್ಪಾ, ಹಿನೊಟೇಗಾ ಬೆಟ್ಟಗಳಿಗೆ ಹೋಗುವವರು ಕಡಿಮೆ. ಕೊಡಗು, ಚಿಕ್ಕಮಗಳೂರಿನವರಿಗೆ ಅಲ್ಲಿ ಹೊಸದೆನಿಸುವುದು ಸ್ವಲ್ಪವೇ: ಮರದ ನೆರಳಿನ ಅರೇಬಿಕಾ ತೋಟ, ನವೆಂಬರಿನಿಂದ ಫೆಬ್ರುವರಿವರೆಗೆ ಹಣ್ಣಿನ ಕೊಯ್ಲು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹುಳಿವಾಸನೆ, ಕಣದಲ್ಲಿ ಒಣಗಲು ಹರಡಿದ ಪಾರ್ಚ್‌ಮೆಂಟ್ ಕಾಫಿ. ಸಣ್ಣ ಬೆಳೆಗಾರರ ಸಹಕಾರ ಸಂಘಗಳು ಪ್ರಯಾಣಿಕರಿಗೆ ಮನೆಗಳಲ್ಲೇ ಉಳಿಯುವ ಏರ್ಪಾಡು ಮಾಡಿವೆ. ಇನ್ನೂ ಮೇಲೆ, ಹೊಂಡುರಾಸ್ ಗಡಿಯ ಬಳಿಯ ಸೊಮೊತೊ ಕಮರಿಯಲ್ಲಿ ಬಂಡೆಗೋಡೆಗಳ ನಡುವೆ ಈಜುತ್ತ ಸಾಗಬಹುದು.

ಈ ಬೆಟ್ಟಗಳು ಬೆನ್ನುಚೀಲದವರನ್ನು ಕಂಡದ್ದು ವಿದೇಶಿಯರು ಬರುವುದಕ್ಕೂ ಮೊದಲು. ಸೊಮೋಸಾ ಆಳ್ವಿಕೆಯನ್ನು 1979ರ ಜುಲೈ 19ರಂದು ಸಾಂದಿನಿಸ್ತಾ ಕ್ರಾಂತಿಕಾರರು ಕೊನೆಗಾಣಿಸಿದಾಗ ದೇಶದ ಅರ್ಧದಷ್ಟು ಜನಕ್ಕೆ ಓದು ಬರುತ್ತಿರಲಿಲ್ಲ. ಮರುವರ್ಷ ಮಾರ್ಚಿನಿಂದ ಆಗಸ್ಟ್‌ವರೆಗೆ ಶಾಲೆ ಕಾಲೇಜುಗಳನ್ನು ನಿಲ್ಲಿಸಿ, ಹತ್ತಾರು ಸಾವಿರ ಹುಡುಗ ಹುಡುಗಿಯರು ಚೀಲದಲ್ಲಿ ಅಕ್ಷರಪುಸ್ತಕ, ಬಟ್ಟೆಯ ತೂಗುಮಂಚ, ಕೈಯಲ್ಲೊಂದು ಲಾಟೀನು ಹಿಡಿದು ಹಳ್ಳಿಹಳ್ಳಿಗೆ ಹೋದರು. ಹಗಲು ರೈತರ ಜೊತೆ ಹೊಲದಲ್ಲಿ ದುಡಿದು, ರಾತ್ರಿ ಲಾಟೀನಿನ ಬೆಳಕಲ್ಲಿ ಅವರಿಗೆ ಅಕ್ಷರ ಕಲಿಸಿದರು. ಐದು ತಿಂಗಳಲ್ಲಿ ಅನಕ್ಷರತೆ ಶೇ 50ರಿಂದ ಶೇ 13ರ ಸುಮಾರಿಗೆ ಇಳಿದದ್ದಾಗಿ ಆಗಿನ ಲೆಕ್ಕ ಹೇಳಿತು. ಯುನೆಸ್ಕೊ ಆ ಅಭಿಯಾನಕ್ಕೆ ಪ್ರಶಸ್ತಿ ಕೊಟ್ಟಿತು. ಆ ಮಕ್ಕಳಿಗೆ ಈಗ ಅರವತ್ತು ದಾಟಿದೆ. ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತವರು ಅವರಲ್ಲೊಬ್ಬರಾಗಿರಬಹುದು.

ಕೆರಿಬಿಯನ್ ಕರಾವಳಿ ಬೇರೆಯೇ ಲೋಕ. ಬ್ರಿಟಿಷರ ನೆರಳಿನಲ್ಲಿದ್ದು, 1894ರಲ್ಲಷ್ಟೇ ದೇಶಕ್ಕೆ ಪೂರ್ತಿಯಾಗಿ ಸೇರಿದ ಭಾಗ ಅದು. ಮಿಸ್ಕಿಟೊ, ರಾಮಾ, ಗರಿಫುನಾ ಜನರೂ ಕ್ರಿಯೋಲ್ ಇಂಗ್ಲಿಷ್ ಆಡುವ ಕಪ್ಪು ಜನರೂ ಅಲ್ಲಿದ್ದಾರೆ. ಅನ್ನ, ಮೀನು ಎಲ್ಲಕ್ಕೂ ತೆಂಗಿನಹಾಲು. ಕಾರ್ ಎಂಬ ವಾಹನವೇ ಇಲ್ಲದ ಲಿಟಲ್ ಕಾರ್ನ್ ದ್ವೀಪದವರೆಗೆ ಹೋಗಲು ಕೈಯಲ್ಲಿ ಇನ್ನೊಂದು ವಾರ ಬೇಕು.

ಇನ್ನು ಹೇಳಲೇಬೇಕಾದ ಕಷ್ಟದ ಮಾತು. 1980ರ ದಶಕದಲ್ಲಿ ಅಮೆರಿಕ ಹಣ, ಆಯುಧ ಕೊಟ್ಟು ಬೆಳೆಸಿದ ‘ಕಾಂತ್ರಾ’ ಪಡೆಗಳ ಯುದ್ಧದಲ್ಲಿ ಈ ಸಣ್ಣ ದೇಶ ಸುಮಾರು ಮೂವತ್ತು ಸಾವಿರ ಜನರನ್ನು ಕಳೆದುಕೊಂಡಿತು. ನಿಕರಾಗುವಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1986ರ ಜೂನ್ 27ರಂದು ಅಮೆರಿಕದ ವಿರುದ್ಧ ತೀರ್ಪು ಬಂದಾಗ ಆ ನ್ಯಾಯಾಲಯದ ಅಧ್ಯಕ್ಷರಾಗಿದ್ದವರು ಭಾರತದ ನಾಗೇಂದ್ರ ಸಿಂಗ್. ಅಮೆರಿಕ ಆ ತೀರ್ಪನ್ನು ಪಾಲಿಸಲಿಲ್ಲ. ಅಂದಿನ ಕ್ರಾಂತಿಯ ನಾಯಕ ದಾನಿಯೆಲ್ ಒರ್ತೇಗಾ 2007ರಿಂದ ಮತ್ತೆ ಅಧಿಕಾರದಲ್ಲಿದ್ದಾರೆ, ಈಗ ಹೆಂಡತಿ ರೊಸಾರಿಯೊ ಮುರಿಯೊ ಸಹ-ಅಧ್ಯಕ್ಷೆ. 2018ರ ಏಪ್ರಿಲ್‌ನಲ್ಲಿ ಶುರುವಾದ ಪ್ರತಿಭಟನೆಗಳನ್ನು ಹತ್ತಿಕ್ಕುವಾಗ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2023ರ ಫೆಬ್ರುವರಿಯಲ್ಲಿ 222 ರಾಜಕೀಯ ಕೈದಿಗಳನ್ನು ವಿಮಾನ ಹತ್ತಿಸಿ ದೇಶದಿಂದಾಚೆ ಕಳಿಸಲಾಯಿತು. ಅದೇ ತಿಂಗಳು ಪೌರತ್ವ ಕಳೆದುಕೊಂಡವರಲ್ಲಿ ಸ್ಪ್ಯಾನಿಷ್ ಭಾಷೆಯ ಅತ್ಯುನ್ನತ ಗೌರವವಾದ ಸೆರ್ವಾಂಟಿಸ್ ಪ್ರಶಸ್ತಿ ಪಡೆದ ಕಾದಂಬರಿಕಾರ ಸೆರ್ಹಿಯೊ ರಮಿರೆಸ್ ಇದ್ದರು, ಕವಯಿತ್ರಿ ಹಿಯೊಕೊಂದಾ ಬೆಯಿ ಇದ್ದರು. ಕವಿಗಳನ್ನು ತಲೆಯ ಮೇಲೆ ಹೊತ್ತ ದೇಶ ಇಂಥ ಸ್ಥಿತಿಗೆ ಬಂದದ್ದು ನೋವಿನ ಸಂಗತಿ. ಲಕ್ಷಾಂತರ ನಿಕರಾಗುವಾದವರೂ ಕೋಸ್ಟರಿಕಾಕ್ಕೆ, ಅಮೆರಿಕಕ್ಕೆ ಹೊರಟುಹೋದರು. ಅವರು ಮನೆಗೆ ಕಳಿಸುವ ಹಣವೇ ದೇಶದ ಒಟ್ಟು ಉತ್ಪನ್ನದ ಕಾಲು ಭಾಗದಷ್ಟಾಗಿದೆ.

ಹಾಗಿದ್ದರೆ ಹೋಗಬೇಕೇ? ಎರಡೂ ಕಡೆ ವಾದವಿದೆ. ನನ್ನ ತೀರ್ಮಾನ ಹೋಗಬೇಕು ಎಂದೇ. ಗೂಡಂಗಡಿಯ ಹೆಂಗಸಿಗೆ, ದೋಣಿಯವನಿಗೆ, ಸಹಕಾರ ಸಂಘದ ಬೆಳೆಗಾರನಿಗೆ ಪ್ರಯಾಣಿಕರು ಬರದೆ ಹೋದರೆ ಆಗುವ ನಷ್ಟ ಆಳುವವರಿಗೆ ಆಗುವುದಿಲ್ಲ. ಆದರೆ ತಿಳಿದು ಹೋಗಬೇಕು. ಯಾರ ಬಳಿಯೂ ನೀವಾಗಿ ರಾಜಕೀಯ ಎತ್ತಬೇಡಿ. ನಿಮಗೆ ಅದು ಹರಟೆ, ಅವರಿಗೆ ಅಪಾಯ. ಪೊಲೀಸರ, ಸೈನಿಕರ, ಮೆರವಣಿಗೆಗಳ ಫೋಟೊ ಬೇಡ. ಡ್ರೋನ್ ತರುವುದೇ ನಿಷಿದ್ಧ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಬೀದಿ ಅಪರಾಧ ನೆರೆಯ ಕೆಲ ದೇಶಗಳಿಗಿಂತ ಕಡಿಮೆಯೆಂಬ ಹೆಸರಿದೆ. ಆದರೂ ರಾತ್ರಿ ಮನಾಗುವಾದಲ್ಲಿ ನಡೆದು ತಿರುಗಬೇಡಿ. ದೊಡ್ಡ ಊರುಗಳ ಆಚೆ ಒಳ್ಳೆಯ ಆಸ್ಪತ್ರೆಗಳು ದೂರ, ಆರೋಗ್ಯ ವಿಮೆ ಮಾಡಿಸಿಯೇ ಹೊರಡಿ.

ಭಾರತದ ಪಾಸ್‌ಪೋರ್ಟಿನವರು ಟಿಕೆಟ್ ಕೊಳ್ಳುವ ಮೊದಲು ವೀಸಾ ವಿಷಯ ಬರಹದಲ್ಲೇ ಖಚಿತಪಡಿಸಿಕೊಳ್ಳಬೇಕು. ಕಳ್ಳದಾರಿಯ ಪ್ರಕರಣಗಳ ನಂತರ ನಮ್ಮವರನ್ನು ಅನುಮಾನದಿಂದ ನೋಡುವ ಸಂಭವ ಹೆಚ್ಚು, ಮರಳುವ ಟಿಕೆಟ್ಟು ಮತ್ತು ಉಳಿಯುವ ಜಾಗದ ಕಾಗದ ಕೈಯಲ್ಲಿರಲಿ. ಅಲ್ಲಿಗೆ ಸಂಬಂಧಿಸಿದ ನಮ್ಮ ರಾಯಭಾರ ಕೆಲಸ ನಡೆಯುವುದು ಪನಾಮಾದಿಂದ. ಅಮೆರಿಕದ ನಿಲ್ದಾಣದಲ್ಲಿ ವಿಮಾನ ಬದಲಿಸುವುದಕ್ಕೂ ಅಲ್ಲಿನ ವೀಸಾ ಬೇಕು. ಅಮೆರಿಕದಲ್ಲೇ ನೆಲೆಸಿರುವ ಕನ್ನಡಿಗರಿಗೆ ಈ ತೊಡಕು ಕಡಿಮೆ, ಮಯಾಮಿ, ಹ್ಯೂಸ್ಟನ್ ಕಡೆಯಿಂದ ಕೆಲವೇ ಗಂಟೆಗಳ ದಾರಿ. ರಜೆಗೆ ಕೋಸ್ಟರಿಕಾ ನೋಡಲು ಹೋಗುವವರು ಗಡಿಯಾಚೆಗೂ ಒಂದು ವಾರ ತೆಗೆದಿಡಿ ಎಂದು ನನ್ನ ಕೋರಿಕೆ. ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಪೆಸಿಫಿಕ್ ಕಡೆ ಮಳೆಯಿಲ್ಲ. ಆದರೆ ಬೆಟ್ಟಗಳು ಹಸಿರಾಗಿ ಕಾಣಬೇಕೆಂದರೆ ಡಿಸೆಂಬರ್ ಮುಗಿಯುವುದರೊಳಗೆ ಹೋಗಿ. ನಾಲ್ಕು ಮಾತು ಸ್ಪ್ಯಾನಿಷ್ ಕಲಿತಿರಿ, ಇಂಗ್ಲಿಷ್ ಅಲ್ಲಿ ಬಹಳ ದೂರ ಬರುವುದಿಲ್ಲ.

ಹಳ್ಳಿಯ ದಾರಿಯಲ್ಲಿ ಎದುರಾದವರು ನಿಮ್ಮನ್ನು ನೋಡಿ ‘ಆದಿಯೋಸ್’ ಎನ್ನುತ್ತಾರೆ. ಸ್ಪ್ಯಾನಿಷ್ ಪಾಠದಲ್ಲಿ ಅದಕ್ಕೆ ‘ಹೋಗಿಬರುತ್ತೇನೆ’ ಎಂಬ ಅರ್ಥ ಕಲಿತವರಿಗೆ ಮೊದಲು ಗೊಂದಲವಾಗುತ್ತದೆ. ನಿಕರಾಗುವಾದಲ್ಲಿ ಅದು ಹಾದುಹೋಗುವವರನ್ನು ಕಂಡು ಮಾತಾಡಿಸುವ ನಮಸ್ಕಾರವೂ ಹೌದು. ನೀವೂ ‘ಆದಿಯೋಸ್’ ಎಂದು ಹೇಳಿ, ಒಂದು ನಿಮಿಷ ನಿಲ್ಲಿ.